ತೆರಿಗೆ ಕಡಿದರೆ ಲೆಕ್ಕ ಮುಗಿಯಿತೇ?

ಆಸ್ಟ್ರೇಲಿಯಾಕ್ಕೆ ಸೀಸನ್ ಕೆಲಸಕ್ಕೆ ಹೋಗುವ ಮಕ್ಕಳ ಮನೆಯವರಿಗೆ ಒಂದಿಷ್ಟು ಮಾಹಿತಿ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ಇವತ್ತಿನ ವಿಷಯ ತೆರಿಗೆ ಅಂತ ಹೇಳಿದ ಕೂಡಲೇ ಹಿಂದೆ ಕೂತವರು ಕೆಲವರು ಮುಖ ಮುಖ ನೋಡಿಕೊಂಡಿರಿ. ಬೀಡಿ ಕಟ್ಟುವವರಿಗೆ, ಮಲ್ಲಿಗೆ ಬೆಳೆಸುವವರಿಗೆ, ದನ ಸಾಕಿ ಡೈರಿಗೆ ಹಾಲು ಹಾಕುವವರಿಗೆ ತೆರಿಗೆಯ ಸುದ್ದಿ ಎಂತಕ್ಕೆ ಅಂತ ಅನಿಸಬಹುದು. ಆದರೆ ಸಂಘದಲ್ಲಿ ಸಾಲದ ಅರ್ಜಿ ಬರೆಯುವಾಗ ಉದ್ದೇಶದ ಜಾಗದಲ್ಲಿ ‘ಮಗನ ವಿದೇಶ ಪ್ರಯಾಣಕ್ಕೆ’, ‘ಮಗಳ ವೀಸಾ ಖರ್ಚಿಗೆ’ ಅಂತ ಬರೆಯುವುದು ನಮ್ಮಲ್ಲಿ ಹೊಸತಲ್ಲ. ಆ ಸಾಲದ ಕಂತು ಕಟ್ಟುವುದು ಮಗ ಅಲ್ಲಿಂದ ಕಳಿಸುವ ಹಣದಿಂದ. ಆ ಹಣದಲ್ಲಿ ಎಷ್ಟು ಅಲ್ಲೇ ಉಳಿದುಹೋಯಿತು, ಯಾಕೆ ಉಳಿಯಿತು, ವಾಪಸ್ ಬರುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ತೆರಿಗೆಯ ಸುದ್ದಿ ಮಾತಾಡಲೇಬೇಕು.

ನಮ್ಮ ಕರಾವಳಿಯ ಮನೆಗಳಿಗೆ ವಿದೇಶ ಅಂದರೆ ಇಷ್ಟು ವರ್ಷ ಗಲ್ಫ್. ದುಬೈ, ಕುವೈತ್, ಬಹರೈನ್, ಸೌದಿ. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಕೈಗೆ ಎಷ್ಟು ಅಂತ ಹೇಳಿದರೋ ಅಷ್ಟು ಬಂತು, ಅರ್ಧ ಊರಿಗೆ ಕಳಿಸಿದ, ವಿಷಯ ಮುಗಿಯಿತು. ಇದೇ ರೂಢಿಯಲ್ಲಿ ಬೆಳೆದ ನಮಗೆ, ಕೆಲಸ ಮಾಡಿದ ದೇಶದ ಸರಕಾರಕ್ಕೆ ವರ್ಷದ ಕೊನೆಗೆ ಲೆಕ್ಕ ಒಪ್ಪಿಸುವುದು ಅಂತ ಒಂದು ಉಂಟು ಎಂಬುದೇ ತಲೆಗೆ ಬರುವುದಿಲ್ಲ. ಮಕ್ಕಳಿಗೂ ಬರುವುದಿಲ್ಲ. ಅವರು ವೀಸಾ, ಟಿಕೆಟು, ಬೆಚ್ಚಗಿನ ಜಾಕೆಟು ಇಷ್ಟರ ಚಿಂತೆಯಲ್ಲಿ ವಿಮಾನ ಹತ್ತಿರುತ್ತಾರೆ.

ಈಗ ಹೊಸ ದಾರಿಯೊಂದು ತೆರೆದಿದೆ. ಭಾರತ ಮತ್ತು ಆಸ್ಟ್ರೇಲಿಯಾದ ನಡುವೆ ಆದ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂತು. ಅದರ ಪ್ರಕಾರ 462 ನಂಬ್ರದ ವೀಸಾ, ಅಂದರೆ ‘ವರ್ಕ್ ಅಂಡ್ ಹಾಲಿಡೇ’ ವೀಸಾ, ಭಾರತದ ಯುವಕ ಯುವತಿಯರಿಗೂ ಸಿಗುವ ಹಾಗಾಯಿತು. ವರ್ಷಕ್ಕೆ 1,000 ಮಂದಿಗೆ ಮಾತ್ರ. ವಯಸ್ಸು 18ರಿಂದ 30ರ ಒಳಗೆ ಇರಬೇಕು, ಪಿಯುಸಿಯ ನಂತರ ಎರಡು ವರ್ಷವಾದರೂ ಓದಿರಬೇಕು, ಸಾಮಾನ್ಯ ಇಂಗ್ಲಿಷ್ ಬರಬೇಕು. ಅರ್ಜಿದಾರರು ತುಂಬ ಇರುವುದರಿಂದ ಚೀಟಿ ಎತ್ತುತ್ತಾರೆ. ಮೊದಲ ಸಲದ ಚೀಟಿಗೆ ಹೆಸರು ಬರೆಸಿಕೊಂಡದ್ದು 2024ರ ಅಕ್ಟೋಬರಿನಲ್ಲಿ, ಅದಕ್ಕೆ 25 ಆಸ್ಟ್ರೇಲಿಯಾ ಡಾಲರ್ ಶುಲ್ಕ. ಕಂಪ್ಯೂಟರ್ ಎತ್ತುವ ಚೀಟಿ ಇದು. ‘ನಿಮ್ಮ ಮಗನ ಹೆಸರು ಬರುವ ಹಾಗೆ ಮಾಡಿಕೊಡುತ್ತೇನೆ, ಇಷ್ಟು ಲಕ್ಷ ಕೊಡಿ’ ಅಂತ ಯಾರಾದರೂ ಏಜೆಂಟ್ ಹೇಳಿದರೆ ಅವನಿಗೆ ಒಂದು ಲೋಟ ನೀರು ಕೊಟ್ಟು ಕಳಿಸಿ, ಹಣ ಕೊಡಬೇಡಿ.

ಈ ವೀಸಾದಲ್ಲಿ ಹೋದವರು ಮಾಡುವ ಕೆಲಸ ಹೆಚ್ಚಾಗಿ ಹೋಟೆಲಿನಲ್ಲಿ, ಇಲ್ಲವಾದರೆ ತೋಟದಲ್ಲಿ. ತೋಟದ ಕೆಲಸಕ್ಕೆ ಒಂದು ಆಕರ್ಷಣೆ ಉಂಟು. ನಿಗದಿತ ಪ್ರದೇಶಗಳಲ್ಲಿ ಮೂರು ತಿಂಗಳು ಕೃಷಿಯಂಥ ಕೆಲಸ ಮಾಡಿದರೆ ಎರಡನೇ ವರ್ಷದ ವೀಸಾಕ್ಕೆ ಅರ್ಜಿ ಹಾಕಬಹುದು. ಹಾಗಾಗಿ ಕಂಪ್ಯೂಟರ್ ಕಲಿತ ಹುಡುಗನೂ ಶೆಪರ್ಟನ್ನಿನಲ್ಲಿ ಸೇಬು ಕೊಯ್ಯುತ್ತಾನೆ, ಮಿಲ್ಡುರಾದಲ್ಲಿ ದ್ರಾಕ್ಷಿ ಕೊಯ್ಯುತ್ತಾನೆ, ಕ್ವೀನ್ಸ್‌ಲ್ಯಾಂಡಿನ ಟಲ್ಲಿಯಲ್ಲಿ ಬಾಳೆಗೊನೆ ಹೊರುತ್ತಾನೆ, ಬೋವನ್ನಿನಲ್ಲಿ ಮಾವು ಇಳಿಸುತ್ತಾನೆ. ಊರಿನಲ್ಲಿ ಸ್ವಂತ ತೋಟದ ಅಡಿಕೆ ಹೆಕ್ಕಲು ಕರೆದರೆ ಬಾರದವರು ಅಲ್ಲಿ ಹೋಗಿ ಮಾಡುತ್ತಾರೆ ಅಂತ ನೀವು ನಗುತ್ತೀರಿ. ನಗಿ, ಆದರೆ ಕಷ್ಟದ ಕೆಲಸ ಅದು. ಬೈಬಲಿನಲ್ಲಿ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ ಓದುತ್ತೇವಲ್ಲ, ಬೆಳಿಗ್ಗೆ ಬಂದವರು, ಮಧ್ಯಾಹ್ನ ಬಂದವರು, ಸಂಜೆ ಬಂದವರು? ಅಲ್ಲಿ ಸಂಜೆಯಾದ ಕೂಡಲೇ ಯಜಮಾನ ಕರೆದು ಕೂಲಿ ಕೊಟ್ಟು ಲೆಕ್ಕ ಮುಗಿಸಿದ. ಆಸ್ಟ್ರೇಲಿಯಾದ ದ್ರಾಕ್ಷಿತೋಟದಲ್ಲಿ ಕೂಲಿ ಕೊಟ್ಟಮೇಲೆ ಇನ್ನೊಂದು ಲೆಕ್ಕ ಬಾಕಿ ಇರುತ್ತದೆ.

ಮೊದಲು ಕೂಲಿಯಿಂದ ಎಷ್ಟು ಕಡಿಯುತ್ತಾರೆ ಅಂತ ನೋಡೋಣ. ಈ ವೀಸಾದವರಿಗೆ ಅಲ್ಲಿ ಪ್ರತ್ಯೇಕ ತೆರಿಗೆ ದರ. ವರ್ಷದಲ್ಲಿ 45,000 ಡಾಲರ್ ತನಕದ ಗಳಿಕೆಗೆ ಶೇಕಡಾ 15, ಮೊದಲ ಡಾಲರಿನಿಂದಲೇ. ಅದರ ಮೇಲಿನ ಗಳಿಕೆಗೆ 2024ರ ಜುಲೈಯಿಂದ ಶೇಕಡಾ 30. ಆದರೆ ಈ 15ರ ದರದಲ್ಲಿ ಕಡಿಯಬೇಕಾದರೆ ತೋಟದ ಮಾಲೀಕ ‘ನಾನು ಇಂಥ ವೀಸಾದವರನ್ನು ಇಟ್ಟುಕೊಳ್ಳುತ್ತೇನೆ’ ಅಂತ ಅಲ್ಲಿನ ತೆರಿಗೆ ಕಚೇರಿಯಲ್ಲಿ ನೋಂದಾಯಿಸಿರಬೇಕು. ನೋಂದಾಯಿಸದವನು ಮೊದಲ ಡಾಲರಿನಿಂದಲೇ ಶೇಕಡಾ 30 ಕಡಿಯಬೇಕಾಗುತ್ತದೆ. ಇನ್ನು ಹುಡುಗನ ಬಳಿ ತೆರಿಗೆ ನಂಬ್ರವೇ ಇಲ್ಲ ಅಂತಾದರೆ? ಅಲ್ಲಿ ಇದಕ್ಕೆ ಟಿಎಫ್‌ಎನ್ ಅಂತ ಹೇಳುತ್ತಾರೆ, ನಮ್ಮ ಪ್ಯಾನ್ ನಂಬ್ರ ಇದ್ದ ಹಾಗೆ. ಅದನ್ನು ಕೆಲಸಕ್ಕೆ ಸೇರಿ 28 ದಿನದ ಒಳಗೆ ಕೊಡದಿದ್ದರೆ ಶೇಕಡಾ 45 ಕಡಿಯುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಹುಡುಗ ಆ ವರ್ಷ 20,000 ಡಾಲರ್ ದುಡಿದ ಅಂತಿಟ್ಟುಕೊಳ್ಳಿ. ಸರಿಯಾದ ತೆರಿಗೆ 3,000. ನೋಂದಣಿ ಇಲ್ಲದ ಮಾಲೀಕನಾದರೆ 6,000 ಕಡಿದಿರುತ್ತಾನೆ. ಟಿಎಫ್‌ಎನ್ ಕೊಡದಿದ್ದರೆ 9,000. ಅಂದರೆ ಆರು ಸಾವಿರ ಡಾಲರ್ ಹೆಚ್ಚು, ನಮ್ಮ ಹಣದಲ್ಲಿ ಮೂರು ಲಕ್ಷ ರೂಪಾಯಿಗೂ ಮೇಲೆ. ಅವನ ಪ್ರಯಾಣಕ್ಕೆ ಅಂತ ನೀವು ಮಾಡಿದ ಸಾಲ ಎಷ್ಟು ಅಂತ ಮನಸ್ಸಿನಲ್ಲೇ ಹೋಲಿಸಿ ನೋಡಿ. ಈ ಹೆಚ್ಚಿಗೆ ಹೋದ ಹಣವನ್ನು ಯಾರೂ ತಾವಾಗಿ ಮನೆಗೆ ತಂದುಕೊಡುವುದಿಲ್ಲ. ಅದು ವಾಪಸ್ ಬರುವ ದಾರಿ ಒಂದೇ: ರಿಟರ್ನ್ ಸಲ್ಲಿಸುವುದು.

ರಿಟರ್ನ್ ಅಂದ ಕೂಡಲೇ ‘ಹಣ ರಿಟರ್ನ್ ಬರುವುದು’ ಅಂತ ತಿಳಿಯುವವರು ತುಂಬ ಮಂದಿ. ಹಾಗಲ್ಲ. ನಮ್ಮ ಸಂಘದಲ್ಲಿ ವಾರ ವಾರ ಉಳಿತಾಯ ಕಟ್ಟುತ್ತೇವೆ, ಸಾಲದ ಕಂತು ಕಟ್ಟುತ್ತೇವೆ, ಎಲ್ಲ ಪುಸ್ತಕದಲ್ಲಿ ಬರೆದಿರುತ್ತದೆ. ಆದರೂ ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ ಮಾಡಿಸುತ್ತೇವೆ, ಅಲ್ವಾ? ಯಾರು ಹೆಚ್ಚು ಕಟ್ಟಿದ್ದಾರೆ, ಯಾರದು ಬಾಕಿ ಅಂತ ಆಗಲೇ ಗೊತ್ತಾಗುವುದು. ಕೂಲಿಯಿಂದ ವಾರ ವಾರ ಕಡಿಯುವ ತೆರಿಗೆ ಬರೀ ಅಂದಾಜಿನ ಕಂತು. ರಿಟರ್ನ್ ಎಂಬುದು ವರ್ಷದ ಲೆಕ್ಕ. ಹೆಚ್ಚು ಕಟ್ಟಿದ್ದರೆ ವಾಪಸ್ ಬರುತ್ತದೆ, ಕಡಿಮೆ ಕಟ್ಟಿದ್ದರೆ ತುಂಬಬೇಕಾಗುತ್ತದೆ.

ಅಲ್ಲಿನ ವರ್ಷ ನಮ್ಮ ಹಾಗೆ ಏಪ್ರಿಲಿನಿಂದ ಮಾರ್ಚ್ ಅಲ್ಲ. ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಸ್ವತಃ ರಿಟರ್ನ್ ಸಲ್ಲಿಸುವವರಿಗೆ ಕೊನೆಯ ದಿನ ಅಕ್ಟೋಬರ್ 31. ನೋಂದಾಯಿತ ತೆರಿಗೆ ಏಜೆಂಟರ ಮೂಲಕ ಮಾಡುವವರಿಗೆ ಹೆಚ್ಚು ಸಮಯ ಸಿಗುತ್ತದೆ, ಆದರೆ ಅಕ್ಟೋಬರ್ 31ರ ಒಳಗೇ ಅವರಲ್ಲಿ ಹೆಸರು ಬರೆಸಿರಬೇಕು. ಇಲ್ಲೊಂದು ಸೂಕ್ಷ್ಮ ಉಂಟು. ಹುಡುಗಿ ಫೆಬ್ರವರಿಯಲ್ಲಿ ಹೋಗಿ ಏಪ್ರಿಲ್ ತನಕ ಸೇಬು ಕೊಯ್ದಳು, ಮತ್ತೆ ಕ್ವೀನ್ಸ್‌ಲ್ಯಾಂಡಿಗೆ ಹೋಗಿ ಜೂನಿನಿಂದ ಸೆಪ್ಟೆಂಬರ್ ತನಕ ಸ್ಟ್ರಾಬೆರಿ ಕೊಯ್ದಳು ಅಂತಿಟ್ಟುಕೊಳ್ಳಿ. ನಮಗೆ ಅದು ಒಂದೇ ಪ್ರಯಾಣ. ಅಲ್ಲಿನ ತೆರಿಗೆ ಕಚೇರಿಗೆ ಅದು ಎರಡು ವರ್ಷ, ಎರಡು ರಿಟರ್ನ್. ಜೂನ್ 30ರ ತನಕದ್ದು ಒಂದು, ಜುಲೈ 1ರ ನಂತರದ್ದು ಇನ್ನೊಂದು. ಮೊದಲಿನದ್ದನ್ನು ಅಲ್ಲಿದ್ದಾಗ ಸಲ್ಲಿಸಿದವರು ಕೂಡ ಎರಡನೆಯದನ್ನು ಮರೆಯುತ್ತಾರೆ. ಯಾಕಂದರೆ ಅದರ ಸಮಯ ಬರುವಾಗ ಊರಿಗೆ ಬಂದು ಮದುವೆ, ಮೊಂತಿ ಹಬ್ಬದ ಗೌಜಿಯಲ್ಲಿರುತ್ತಾರೆ. ಜೂನ್ 30ರ ಮೊದಲೇ ಕೆಲಸ ಮುಗಿಸಿ ಆ ದೇಶವನ್ನು ಪೂರ್ತಿ ಬಿಟ್ಟು ಬರುವವರು ಬೇಕಾದರೆ ಕಾಗದದ ಫಾರಂ ತುಂಬಿ ಮುಂಚಿತವಾಗಿಯೇ ಸಲ್ಲಿಸಬಹುದು.

‘ನಾನು ಸ್ವಲ್ಪವೇ ದುಡಿದದ್ದು, ಸಲ್ಲಿಸಲೇಬೇಕಾ?’ ಅಂತ ಕೇಳುವವರಿದ್ದಾರೆ. 45,000 ಡಾಲರ್ ದಾಟಿದರೆ ಆ ಪ್ರಶ್ನೆಯೇ ಇಲ್ಲ. ಅದಕ್ಕಿಂತ ಕಡಿಮೆಯಾದವರು ಸುಮ್ಮನೆ ಊಹಿಸಿ ಕೂರಬಾರದು. ತೆರಿಗೆ ಕಚೇರಿಯ ಅಂತರ್ಜಾಲ ತಾಣದಲ್ಲಿ ನಾಲ್ಕು ಪ್ರಶ್ನೆ ಕೇಳಿ ‘ನೀವು ಸಲ್ಲಿಸಬೇಕು’ ಅಥವಾ ‘ಬೇಡ’ ಅಂತ ಹೇಳುವ ವ್ಯವಸ್ಥೆ ಉಂಟು. ಬೇಡ ಅಂತ ಬಂದರೂ ‘ಈ ವರ್ಷ ನನ್ನದು ರಿಟರ್ನ್ ಇಲ್ಲ’ ಅಂತ ತಿಳಿಸಿ ಬಿಡಬೇಕು, ಇಲ್ಲವಾದರೆ ಅವರ ಪುಸ್ತಕದಲ್ಲಿ ಬಾಕಿ ಅಂತಲೇ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕೂಲಿಯಿಂದ ಒಂದು ಡಾಲರ್ ತೆರಿಗೆ ಕಡಿದಿದ್ದರೂ ಸಲ್ಲಿಸುವುದೇ ಒಳ್ಳೆಯದು. ತಡಮಾಡಿದರೆ ದಂಡ ಹಾಕುವ ಅಧಿಕಾರ ಅವರಿಗುಂಟು. 28 ದಿನಕ್ಕೆ ಒಂದು ಘಟಕದಂತೆ ಐದು ಘಟಕದ ತನಕ. 2024ರ ನವೆಂಬರ್ 7ರಿಂದ ಒಂದು ಘಟಕ ಅಂದರೆ 330 ಡಾಲರ್. ಐದು ಸೇರಿದರೆ 1,650. ಹಣ ವಾಪಸ್ ಬರಬೇಕಾದವರಿಗೆ ಸಾಮಾನ್ಯವಾಗಿ ದಂಡ ಹಾಕುವುದಿಲ್ಲ, ತುಂಬಬೇಕಾದವರಿಗೆ ಹಾಕುತ್ತಾರೆ.

ತುಂಬಬೇಕಾದವರು ಯಾರು? ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ, ಯಾಕಂದರೆ ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ಕೆಲವು ಗುತ್ತಿಗೆದಾರರು ಕೆಲಸಕ್ಕೆ ಬಂದ ಹುಡುಗರಿಗೆ ‘ನೀನು ಹೋಗಿ ಎಬಿಎನ್ ಮಾಡಿಸಿಕೊಂಡು ಬಾ, ಕೂಲಿ ಪೂರ್ತಿ ಕೈಗೆ ಕೊಡುತ್ತೇನೆ, ಏನೂ ಕಡಿಯುವುದಿಲ್ಲ’ ಅನ್ನುತ್ತಾರೆ. ಎಬಿಎನ್ ಎಂದರೆ ಸ್ವಂತ ವ್ಯಾಪಾರ ಮಾಡುವವರ ನಂಬ್ರ. ಗಲ್ಫಿನ ಲೆಕ್ಕ ತಲೆಯಲ್ಲಿರುವ ನಮ್ಮ ಹುಡುಗನಿಗೆ ಇದು ಭಾರೀ ಒಳ್ಳೆಯದು ಅನಿಸುತ್ತದೆ. ತಾಯಿಗೆ ಫೋನ್ ಮಾಡಿ ಹೇಳುತ್ತಾನೆ, ತಾಯಿಗೂ ಖುಷಿ. ಆದರೆ ಆ ನಂಬ್ರ ತೋರಿಸಿದ ಕೂಡಲೇ ಅವನು ಕಾಗದದ ಮೇಲೆ ಕೂಲಿಯಾಳು ಅಲ್ಲ, ವ್ಯಾಪಾರಸ್ಥ! ಬೆಳಿಗ್ಗೆ ಆರಕ್ಕೆ ಬಾ ಅಂದರೆ ಬರಬೇಕು, ಆ ಸಾಲು ಕೊಯ್ಯಿ ಅಂದರೆ ಕೊಯ್ಯಬೇಕು, ಆದರೂ ವ್ಯಾಪಾರಸ್ಥ. ಅವನಿಗೆ ಕನಿಷ್ಠ ಕೂಲಿಯ ರಕ್ಷಣೆ ಇಲ್ಲ ಅಂತ ಗುತ್ತಿಗೆದಾರ ವಾದಿಸುತ್ತಾನೆ, ನಿವೃತ್ತಿ ನಿಧಿಗೆ ಹಣ ಹಾಕುವುದಿಲ್ಲ. ತೆರಿಗೆ ಮಾತ್ರ ತಪ್ಪುವುದಿಲ್ಲ. 12,000 ಡಾಲರ್ ಹಾಗೆ ಪಡೆದವನು ವರ್ಷದ ಕೊನೆಗೆ ಶೇಕಡಾ 15ರಂತೆ 1,800 ಡಾಲರನ್ನು ತಾನೇ ಕಟ್ಟಬೇಕು. ಅಷ್ಟರಲ್ಲಿ ಆ ಹಣ ಊರಿಗೆ ಬಂದು ಮನೆಯ ಮಾಡು ರಿಪೇರಿ ಆಗಿರುತ್ತದೆ. ನಿಜವಾಗಿ ಹೇಳಬೇಕಾದರೆ ಇನ್ನೊಬ್ಬರ ತೋಟದಲ್ಲಿ ಅವರು ಹೇಳಿದ ಹಾಗೆ ಹಣ್ಣು ಕೊಯ್ಯುವವನು ನೌಕರನೇ, ಅವನಿಗೆ ಎಬಿಎನ್ ಬೇಡ. ಹಾಗೆ ಒತ್ತಾಯಿಸಿದರೆ ಅಲ್ಲಿನ ‘ಫೇರ್ ವರ್ಕ್ ಓಂಬುಡ್ಸ್‌ಮನ್’ ಕಚೇರಿಗೆ ದೂರು ಕೊಡಬಹುದು. ‘ದೂರು ಕೊಟ್ಟರೆ ನಿನ್ನ ವೀಸಾ ರದ್ದು ಮಾಡಿಸುತ್ತೇನೆ’ ಅಂತ ಹೆದರಿಸುವ ಮಾಲೀಕರಿದ್ದಾರೆ. ವೀಸಾ ರದ್ದು ಮಾಡುವ ಅಧಿಕಾರ ಸರಕಾರಕ್ಕೆ ಮಾತ್ರ, ಮಾಲೀಕನಿಗೆ ಇಲ್ಲ. ಇದನ್ನು ಮಕ್ಕಳಿಗೆ ಹೇಳಿ ಕಳಿಸಿ.

ಬರೀ ಕೈಯಲ್ಲಿ ನೋಟು ಕೊಟ್ಟು ಚೀಟಿ ಕೊಡದವರೂ ಇದ್ದಾರೆ. ಅಲ್ಲಿನ ಕಾನೂನಿನಂತೆ ಕೂಲಿ ಕೊಟ್ಟ ಒಂದು ಕೆಲಸದ ದಿನದೊಳಗೆ ಪೇಸ್ಲಿಪ್ ಕೊಡಬೇಕು. ಅದು ಇಲ್ಲದಿದ್ದರೆ ತೆರಿಗೆ ಕಟ್ಟಿದ್ದಕ್ಕೂ ಸಾಕ್ಷಿ ಇಲ್ಲ, ಎರಡನೇ ವೀಸಾಕ್ಕೆ ಬೇಕಾದ ಮೂರು ತಿಂಗಳ ಕೆಲಸಕ್ಕೂ ಸಾಕ್ಷಿ ಇಲ್ಲ. ಕೊಯ್ದ ಬುಟ್ಟಿಯ ಲೆಕ್ಕದಲ್ಲಿ ಕೂಲಿ ಕೊಡುವಲ್ಲಿಯೂ 2022ರ ಏಪ್ರಿಲ್ 28ರಿಂದ ಗಂಟೆಗೆ ಇಷ್ಟು ಅಂತ ಕನಿಷ್ಠ ಕೂಲಿ ಕೊಡಲೇಬೇಕೆಂದು ಆಗಿದೆ. 2025ರ ಜುಲೈಯಲ್ಲಿ ಆ ದೇಶದ ಕನಿಷ್ಠ ಕೂಲಿಯನ್ನು ಗಂಟೆಗೆ 24.95 ಡಾಲರಿಗೆ ಏರಿಸಿದರು, ಖಾಯಂ ಅಲ್ಲದವರಿಗೆ ಅದರ ಮೇಲೆ ಶೇಕಡಾ 25 ಸೇರಿಸಿ. ಹುಡುಗ ‘ದಿನಕ್ಕೆ ಎಂಬತ್ತು ಡಾಲರ್ ಸಿಕ್ಕಿತು’ ಅಂತ ಹೇಳಿದರೆ ಅದನ್ನು ರೂಪಾಯಿಗೆ ಗುಣಿಸಿ ಸಂತೋಷಪಡುವ ಮೊದಲು ‘ಎಷ್ಟು ಗಂಟೆ ದುಡಿದೆ ಮಗಾ?’ ಅಂತ ಕೇಳಿ.

ಇನ್ನು ನಿವೃತ್ತಿ ನಿಧಿಯ ವಿಷಯ. ಬೀಡಿ ಕಟ್ಟುವ ಅಕ್ಕಂದಿರಿಗೆ ಇದು ಬೇಗ ಅರ್ಥವಾಗುತ್ತದೆ, ನಿಮಗೆ ಪಿ.ಎಫ್. ಗೊತ್ತಲ್ಲ. ಅಲ್ಲಿ ಅದಕ್ಕೆ ‘ಸೂಪರ್’ ಅಂತ ಹೆಸರು. ಕೂಲಿಯಿಂದ ಕಡಿಯುವುದಲ್ಲ, ಮಾಲೀಕ ತನ್ನ ಕೈಯಿಂದ ಹೆಚ್ಚಿಗೆ ಹಾಕಬೇಕು, 2025ರ ಜುಲೈ 1ರಿಂದ ಕೂಲಿಯ ಶೇಕಡಾ 12. ನಮ್ಮ 20,000 ಡಾಲರಿನ ಹುಡುಗನ ಹೆಸರಿಗೆ 2,400 ಡಾಲರ್ ಬಿದ್ದಿರುತ್ತದೆ. ಊರಿಗೆ ಬಂದು ವೀಸಾ ಮುಗಿದ ನಂತರ ಅದನ್ನು ತೆಗೆಯಲು ಅರ್ಜಿ ಹಾಕಬಹುದು. ಆದರೆ ಈ ವೀಸಾದವರಿಗೆ ಅದರ ಮೇಲೆ ಶೇಕಡಾ 65 ತೆರಿಗೆ ಹಿಡಿಯುತ್ತಾರೆ. ಹೌದು, ಸರಿಯಾಗಿಯೇ ಕೇಳಿಸಿತು, ಅರುವತ್ತೈದು. 1,560 ಹೋಗಿ 840 ಡಾಲರ್ ಕೈಗೆ ಬರುತ್ತದೆ. ನನಗೆ ಇದು ನ್ಯಾಯ ಅಂತ ಅನಿಸುವುದಿಲ್ಲ, ಮೈಮುರಿದು ದುಡಿದವರ ವೃದ್ಧಾಪ್ಯದ ಹಣ ಅದು. ಆದರೆ ಕಾನೂನು ಹಾಗಿದೆ. ಹಾಗಂತ ಉಳಿದ 840 ಡಾಲರನ್ನು ಬಿಟ್ಟುಬಿಡುವುದಾ? ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರ ರೂಪಾಯಿಗಿಂತ ಹೆಚ್ಚು ಅದು, ಒಂದು ದನ ಬರುತ್ತದೆ. ಅರ್ಜಿ ಅಂತರ್ಜಾಲದಲ್ಲಿಯೇ ಹಾಕಬಹುದು, ತೆರಿಗೆ ಕಚೇರಿಯ ತಾಣದಲ್ಲಿ ಅದು ಉಚಿತ. ಆರು ತಿಂಗಳಾದರೂ ಕೇಳದಿದ್ದರೆ ನಿಧಿಯವರು ಆ ಹಣವನ್ನು ತೆರಿಗೆ ಕಚೇರಿಗೆ ಕಳಿಸಿಬಿಡುತ್ತಾರೆ. ಆಮೇಲೂ ತೆರಿಗೆ ಕಚೇರಿಯಿಂದ ಕೇಳಿ ಪಡೆಯಬಹುದು. ನಾಲ್ಕು ತೋಟದಲ್ಲಿ ದುಡಿದವನಿಗೆ ನಾಲ್ಕು ನಿಧಿಯಲ್ಲಿ ಚೂರು ಚೂರು ಇರಬಹುದು, ಎಲ್ಲವನ್ನೂ ಹುಡುಕಬೇಕು. ಈ ಹಣವನ್ನು ರಿಟರ್ನಿನಲ್ಲಿ ಸೇರಿಸುವುದು ಬೇಡ, ಅದರ ತೆರಿಗೆ ಅಲ್ಲಿಗೇ ಮುಗಿಯಿತು.

ರಿಟರ್ನಿನಲ್ಲಿ ಕಳೆಯಬಹುದಾದ ಖರ್ಚೂ ಉಂಟು. ತೋಟಕ್ಕೆ ಅಂತಲೇ ತಗೊಂಡ ರಕ್ಷಣೆಯ ಬೂಟು, ಕೈಗವಸು, ಕತ್ತರಿ, ಬಿಸಿಲಿನಲ್ಲಿ ಕೆಲಸ ಮಾಡುವವರ ಟೊಪ್ಪಿ, ಸನ್‌ಸ್ಕ್ರೀನ್. ಮನೆಯಿಂದ ತೋಟಕ್ಕೆ ಹೋಗಿ ಬರುವ ಖರ್ಚು, ಊಟದ ಖರ್ಚು ಸಾಮಾನ್ಯವಾಗಿ ಆಗುವುದಿಲ್ಲ. ಇದರಿಂದ ಭಾರೀ ಲಾಭ ಬರುತ್ತದೆ ಅಂತ ಎಣಿಸಬೇಡಿ. 200 ಡಾಲರ್ ಖರ್ಚು ತೋರಿಸಿದರೆ ತೆರಿಗೆಯಲ್ಲಿ ಕಡಿಮೆಯಾಗುವುದು 30 ಡಾಲರ್. ಎಲ್ಲ ಕಡೆ ಸರಿಯಾಗಿ 15ರ ದರದಲ್ಲೇ ಕಡಿದಿದ್ದರೆ ವಾಪಸ್ ಬರುವುದು ಇಷ್ಟೇ ಇಷ್ಟು. ಹಾಗಿರುವಾಗ ‘ಕಟ್ಟಿದ ತೆರಿಗೆ ಪೂರ್ತಿ ವಾಪಸ್ ಮಾಡಿಸಿಕೊಡುತ್ತೇನೆ’ ಅಂತ ಒಬ್ಬ ಹೇಳಿದರೆ ಅವನು ಏನು ಮಾಡುತ್ತಾನೆ ಗೊತ್ತಾ? ಆ ದೇಶದ ನಿವಾಸಿಗಳಿಗೆ ಮೊದಲ 18,200 ಡಾಲರಿಗೆ ತೆರಿಗೆ ಇಲ್ಲ. ಹುಡುಗನ ರಿಟರ್ನಿನಲ್ಲಿ ‘ನಾನು ನಿವಾಸಿ’ ಅಂತ ಬರೆದು ಆ ರಿಯಾಯಿತಿ ಕೇಳುತ್ತಾನೆ, ತನ್ನ ಕಮಿಷನ್ ತಗೊಳ್ಳುತ್ತಾನೆ. ಊರಿಂದೂರಿಗೆ ಸುತ್ತಿ ಸೀಸನ್ ಕೆಲಸ ಮಾಡಿ ವಾಪಸ್ ಬರುವವರು ಹೆಚ್ಚಾಗಿ ತೆರಿಗೆಯ ಲೆಕ್ಕಕ್ಕೆ ನಿವಾಸಿಗಳಲ್ಲ. ಕಚೇರಿಯವರು ಪರಿಶೀಲಿಸಿ ಹಣ ವಾಪಸ್ ಕೇಳುವಾಗ ಏಜೆಂಟ್ ಇರುವುದಿಲ್ಲ, ಸಹಿ ಇರುವುದು ಹುಡುಗನದ್ದು. ನಿಜವಾದ ಏಜೆಂಟರ ಹೆಸರು ಅಲ್ಲಿನ ‘ಟ್ಯಾಕ್ಸ್ ಪ್ರಾಕ್ಟೀಷನರ್ಸ್ ಬೋರ್ಡ್’ನ ಪಟ್ಟಿಯಲ್ಲಿ ಇರುತ್ತದೆ, ಯಾರೂ ಹುಡುಕಿ ನೋಡಬಹುದು. ಟಿಎಫ್‌ಎನ್ ಮಾಡಿಸಲು ಕೂಡ ಹಣ ಬೇಡ, ಸರಕಾರ ಉಚಿತವಾಗಿ ಕೊಡುತ್ತದೆ. ಅದಕ್ಕೂ ಡಾಲರ್ ಕೇಳುವವರು ಇದ್ದಾರೆ.

ಹೊರಡುವ ಮುಂಚೆ ಮಾಡಬೇಕಾದ ಕೆಲವು ಸಣ್ಣ ಕೆಲಸಗಳಿವೆ. ಅಲ್ಲಿ ಎಲ್ಲವೂ ‘ಮೈಗವ್’ ಎಂಬ ಸರಕಾರಿ ತಾಣದ ಮೂಲಕ ನಡೆಯುತ್ತದೆ. ಅದಕ್ಕೆ ಪ್ರವೇಶಿಸಲು ಮೊಬೈಲಿಗೆ ಸಂಖ್ಯೆ ಬರುವ ಹಾಗೆ ಇಟ್ಟುಕೊಂಡವರು ಊರಿಗೆ ಬಂದು ಆ ದೇಶದ ಸಿಮ್ ಬಿಸಾಡಿದರೆ ಬಾಗಿಲಿಗೆ ಬೀಗ ಬಿದ್ದ ಹಾಗೆ. ಸಿಮ್ ಇರುವಾಗಲೇ ಬೇರೆ ವಿಧಾನಕ್ಕೆ ಬದಲಾಯಿಸಿಕೊಳ್ಳಬೇಕು. ಬ್ಯಾಂಕ್ ಖಾತೆಯನ್ನು ವಿಮಾನ ಹತ್ತುವ ದಿನವೇ ಮುಚ್ಚಬಾರದು, ತೆರಿಗೆ ವಾಪಸಾತಿ ಅದಕ್ಕೆ ಜಮೆಯಾದ ಮೇಲೆ ಮುಚ್ಚಲಿ. ಮಾಲೀಕರು ವರ್ಷದ ಕೂಲಿ, ಕಡಿದ ತೆರಿಗೆಯ ಒಟ್ಟು ವಿವರವನ್ನು ಜುಲೈ 14ರೊಳಗೆ ಅಂತಿಮಗೊಳಿಸಿ ಅದೇ ತಾಣಕ್ಕೆ ಹಾಕುತ್ತಾರೆ. ಅದು ಅಂತಿಮವಾಗುವ ಮೊದಲು ಅವಸರದಲ್ಲಿ ರಿಟರ್ನ್ ಹಾಕಿದರೆ ಲೆಕ್ಕ ತಾಳೆಯಾಗುವುದಿಲ್ಲ. ಪೇಸ್ಲಿಪ್‌ಗಳ ಫೋಟೋ ತೆಗೆದು ತಿಂಗಳಿಗೊಮ್ಮೆ ಮನೆಯವರಿಗೆ ಕಳಿಸಲಿ. ನೀವು ಓದದಿದ್ದರೂ ಆಗಬಹುದು, ಅಳಿಸಬೇಡಿ. ಮೊಬೈಲ್ ಕೆರೆಗೆ ಬಿದ್ದವರು, ಕದ್ದುಹೋದವರು ಬೇಕಾದಷ್ಟು ಮಂದಿ.

ಇಷ್ಟು ಹೇಳಿದ ನಂತರ ನಿಮ್ಮಲ್ಲಿ ಕೆಲವರು ಕೇಳಿದ ಪ್ರಶ್ನೆಗಳಿಗೆ ಬರುತ್ತೇನೆ.

ಮಗ ಕಳಿಸಿದ ಹಣಕ್ಕೆ ತಾಯಿ ಇಲ್ಲಿ ತೆರಿಗೆ ಕಟ್ಟಬೇಕಾ ಅಂತ ಒಬ್ಬರು ಕೇಳಿದರು. ಬೇಡ. ಮಕ್ಕಳು ತಂದೆತಾಯಿಗೆ ಕೊಟ್ಟ ಹಣ ತೆರಿಗೆಯ ಆದಾಯವಲ್ಲ. ಆ ಹಣವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ಬಂದರೆ ಬಡ್ಡಿ ಮಾತ್ರ ನಿಮ್ಮ ಆದಾಯ.

ಅಲ್ಲಿ ತೆರಿಗೆ ಕಟ್ಟಿದವರು ಇಲ್ಲಿಯೂ ರಿಟರ್ನ್ ಹಾಕಬೇಕಾ ಅಂತ ಇನ್ನೊಂದು ಪ್ರಶ್ನೆ. ಇದು ನಮ್ಮ ಏಪ್ರಿಲ್‌ನಿಂದ ಮಾರ್ಚ್ ತನಕದ ವರ್ಷದಲ್ಲಿ ಅವರು ಭಾರತದಲ್ಲಿ ಎಷ್ಟು ದಿನ ಇದ್ದರು ಎಂಬುದರ ಮೇಲೆ ಹೋಗುತ್ತದೆ. ಆ ವರ್ಷದ ಮಟ್ಟಿಗೆ ಇಲ್ಲಿನ ನಿವಾಸಿ ಅಂತ ಆದರೆ ಅಲ್ಲಿನ ಕೂಲಿಯನ್ನೂ ಇಲ್ಲಿ ತೋರಿಸಬೇಕು. ಎರಡು ದೇಶಗಳ ನಡುವೆ ಒಪ್ಪಂದ ಇರುವುದರಿಂದ ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆದುಕೊಳ್ಳಬಹುದು, ಒಂದೇ ಗಳಿಕೆಗೆ ಎರಡು ಸಲ ಕಟ್ಟಬೇಕಾಗುವುದಿಲ್ಲ. ಆದರೆ ಅದಕ್ಕೂ ಅಲ್ಲಿನ ರಿಟರ್ನಿನ ಕಾಗದ ಬೇಕು. ಇನ್ನೊಂದು, ಊರಿಗೆ ಬಂದು ನೆಲೆಸಿದ ಮೇಲೆ ಅಲ್ಲಿನ ಬ್ಯಾಂಕ್ ಖಾತೆ, ಸೂಪರ್ ನಿಧಿ ಇನ್ನೂ ಇದ್ದರೆ, ಇಲ್ಲಿ ತೆರಿಗೆ ಬಾರದಿದ್ದರೂ ರಿಟರ್ನ್ ಹಾಕಿ ಅದರಲ್ಲಿ ಅವುಗಳನ್ನು ತೋರಿಸುವ ನಿಯಮ ಉಂಟು. ವಿದೇಶದ ಆಸ್ತಿ ಮುಚ್ಚಿಟ್ಟವರಿಗೆ ಅಂತ 2015ರಲ್ಲಿ ಮಾಡಿದ ಕಾನೂನಿನಲ್ಲಿ ಹತ್ತು ಲಕ್ಷ ರೂಪಾಯಿ ದಂಡ ಇಟ್ಟಿದ್ದಾರೆ. 2024ರ ಅಕ್ಟೋಬರಿನಿಂದ, ಜಾಗ ಮನೆ ಬಿಟ್ಟು ಉಳಿದದ್ದು 20 ಲಕ್ಷದ ಒಳಗಿದ್ದರೆ ಆ ದಂಡ ಇಲ್ಲ ಅಂತ ಮಾಡಿದರು. ಹೆದರುವುದು ಬೇಡ, ಆದರೆ ತೋರಿಸುವುದು ಬಿಡಬಾರದು. ಪಾಸ್‌ಪೋರ್ಟ್ ಹಿಡಿದುಕೊಂಡು ಒಬ್ಬ ಆಡಿಟರರ ಹತ್ತಿರ ಹೋಗಿ ದಿನ ಎಣಿಸಿ ನೋಡಿ.

ಕೊನೆಗೆ, ಮಗಳು ಬಂದು ವರ್ಷ ದಾಟಿತು, ರಿಟರ್ನ್ ಹಾಕಲೇ ಇಲ್ಲ, ಇನ್ನೇನು ಮಾಡುವುದು ಅಂತ ಕೇಳಿದ ಅಕ್ಕನಿಗೆ: ಹಳೆಯ ವರ್ಷದ್ದನ್ನು ಈಗಲೂ ಸಲ್ಲಿಸಬಹುದು, ಊರಲ್ಲಿ ಕೂತೇ ಸಲ್ಲಿಸಬಹುದು. ಹೆಚ್ಚಿಗೆ ಕಡಿದಿದ್ದರೆ ಅದು ಅವಳದೇ ಹಣ. ಮೊದಲು ಅವಳ ಟಿಎಫ್‌ಎನ್ ಬರೆದಿಟ್ಟ ಕಾಗದ, ದುಡಿದ ತೋಟಗಳ ಹೆಸರು, ಸಿಕ್ಕಿದಷ್ಟು ಪೇಸ್ಲಿಪ್ ಒಂದು ಚೀಲದಲ್ಲಿ ಹಾಕಿ. ಮೈಗವ್ ತೆರೆಯುತ್ತದೋ ನೋಡಲಿ. ತೆರೆಯದಿದ್ದರೆ ತೆರಿಗೆ ಕಚೇರಿಗೆ ಫೋನ್ ಮಾಡಲಿ, ಇಲ್ಲವೇ ನೋಂದಾಯಿತ ಏಜೆಂಟರನ್ನು ಹಿಡಿಯಲಿ. ಸೂಪರ್ ನಿಧಿಯ ಅರ್ಜಿಯನ್ನೂ ಅದರ ಜೊತೆಗೇ ಹಾಕಲಿ, ವರ್ಷ ದಾಟಿದ್ದರಿಂದ ಆ ಹಣ ಈಗ ತೆರಿಗೆ ಕಚೇರಿಯಲ್ಲೇ ಇರಬಹುದು.